ಕವಲೇದುರ್ಗದಿಂದ ಮಡೆನೂರು ಡ್ಯಾಂವರೆಗೆ

ಶುಕ್ರವಾರ: ಕವಲೇದುರ್ಗ

ಮೇ ತಿಂಗಳಲ್ಲಿ ಮಲೆನಾಡಿಗೆ ಯಾಕೆ ಹೋಗ್ತೀರಿ ಅಂತ ಕೇಳಿದವರೇ ಜಾಸ್ತಿ. ಜೋಗದಲ್ಲಿ ನೀರಿಲ್ಲ, ಗುಡ್ಡವೆಲ್ಲ ಒಣಗಿರುತ್ತದೆ, ಸೆಕೆ ಬೇರೆ. ಆದರೆ ನಾವು ನೋಡಬೇಕೆಂದಿದ್ದ ಮಡೆನೂರು ಡ್ಯಾಂ, ನೀರೊಳಗೆ ಮುಳುಗಿರುವ ಹಳೆಯ ಅಣೆಕಟ್ಟು, ಕಣ್ಣಿಗೆ ಬೀಳುವುದೇ ಆ ಸಮಯದಲ್ಲಿ. ಶರಾವತಿ ಹಿನ್ನೀರು ಚೆನ್ನಾಗಿ ಇಳಿದಿರಬೇಕು, ಮಳೆಗಾಲ ಹಿಡಿದಿರಬಾರದು. ಹೋಗುವ ದಾರಿಯಲ್ಲೇ ಕೆಳದಿ ನಾಯಕರ ಹಾಳು ಕೋಟೆಗಳೂ ಸಿಗುತ್ತವೆ. ರಾತ್ರಿ ರೈಲಿಗೆ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ತಮ್ಮನ ಕಾರಿನಲ್ಲಿ ತೀರ್ಥಹಳ್ಳಿಯ ಅತ್ತೆ ಮನೆ ಸೇರಿದೆವು.

ಅತ್ತೆ ಬಿಸಿ ಕಡುಬು, ಕಾಯಿ ಚಟ್ನಿ ಮಾಡಿಟ್ಟಿದ್ದರು. ಜೊತೆಗೆ ಜೀರಿಗೆ ಪರಿಮಳದ ಅಪ್ಪೆಮಿಡಿ ಉಪ್ಪಿನಕಾಯಿ. ಅಂಗಳದ ತುಂಬ ಹಲಸಿನ ಹಪ್ಪಳ ಒಣಗುತ್ತಿದ್ದವು. ಮಳೆ ಯಾವಾಗ ಬರುತ್ತದೋ ಅಂತ ಅತ್ತೆ ಕೈ ಕೆಲಸದ ನಡುವೆಯೂ ಆಕಾಶ ನೋಡುತ್ತಿದ್ದರು.

"ಕೃತ್ತಿಕೆ ಮಳೆ ಶುರುವಾಗಿದೆ. ಮಧ್ಯಾಹ್ನದ ಮೇಲೆ ಬಿಡೂದಿಲ್ಲ. ಬೇಗ ಹತ್ತಿ ಬೇಗ ಇಳೀರಿ" ಅಂದರು.

ಮಾವ ಅಡಿಕೆ ತೋಟದವರು. ಕವಲೇದುರ್ಗಕ್ಕೆ ಹೋಗ್ತೀವಿ ಅಂದಾಗ ಅವರು ಹೇಳಿದ್ದು ಬೇರೆಯೇ ಮಾತು. "ಬರುವವರೆಲ್ಲ ಕಲ್ಲು ನೋಡಿ ಫೋಟೋ ಹೊಡ್ಕೊಂಡು ಹೋಗ್ತಾರೆ. ನೀವು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ನೋಡಿ. ನಮ್ಮ ತೋಟದ ಬಸಿಗಾಲುವೆ ಲೆಕ್ಕವೇ ಅಲ್ಲಿಯೂ ಇರೋದು." ಆ ಮಾತು ಇಡೀ ಪ್ರವಾಸಕ್ಕೆ ನಮ್ಮ ಜೊತೆ ಬಂತು.

ತೀರ್ಥಹಳ್ಳಿಯಿಂದ ದುರ್ಗದ ಬುಡಕ್ಕೆ ಮುಕ್ಕಾಲು ಗಂಟೆಯೂ ಬೇಡ. ರಸ್ತೆ ಸಣ್ಣದು, ತಿರುವು ಜಾಸ್ತಿ, ಎದುರಿನಿಂದ ಬಸ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು. ಕಾರು ನಿಲ್ಲಿಸಿ ಗದ್ದೆಯ ಅಂಚಿನಲ್ಲಿ ನಡೆದರೆ ಕಾಡು ಶುರು. ಅಲ್ಲಿಂದ ಮೇಲಕ್ಕೆ ಹಳೆಯ ಕಲ್ಲು ಹಾಸಿದ ದಾರಿ. ಮೇಲೆ ಅಂಗಡಿ ಗಿಂಗಡಿ ಏನೂ ಇಲ್ಲ, ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಬೇಕು. ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಬೇಕು. ಹಾಸುಗಲ್ಲು ನೂರಾರು ವರ್ಷ ಕಾಲು ಸವರಿ ನುಣ್ಣಗಾಗಿವೆ.

ಕೋಟೆಗೆ ಮೂರು ಸುತ್ತು. ಒಂದೊಂದು ಸುತ್ತಿಗೂ ಒಂದು ಬಾಗಿಲು, ಬಾಗಿಲ ಅಕ್ಕಪಕ್ಕ ಕಾವಲಿನವರ ಕೋಣೆ. ಗೋಡೆಯ ಕಲ್ಲುಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಕೂತಿವೆಯೆಂದರೆ ತಮ್ಮ ಕೀಲಿಕೈ ತೂರಿಸಿ ನೋಡಿದ, ಹೋಗಲಿಲ್ಲ. ಇದಕ್ಕೆ ಭುವನಗಿರಿ ದುರ್ಗ ಅಂತಲೂ ಹೆಸರಿದೆ. ಕೆಳದಿ ಅರಸರು ಬಿದನೂರಿನಿಂದ ಆಳುತ್ತಿದ್ದ ಕಾಲದಲ್ಲಿ ಇದು ಅವರ ಗಟ್ಟಿ ನೆಲೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಆ ಮನೆತನದ ಆಳ್ವಿಕೆ ಮುಗಿಯಿತು. ಆಮೇಲೆ ನಿಧಾನವಾಗಿ ಕಾಡು ಒಳಗೆ ಬಂತು.

ಮೇಲೆ ಬಯಲಿನಲ್ಲಿ ಕಾಶಿ ವಿಶ್ವನಾಥನ ಗುಡಿ, ಅದರ ಮುಂದೆ ಎತ್ತರದ ಎರಡು ಕಂಬ. ಇನ್ನೂ ಮುಂದೆ ಹೋದರೆ ಅರಮನೆಯ ಜಾಗ. ಇಲ್ಲಿ ನೆಲಗಟ್ಟು ಮಾತ್ರ ಉಳಿದಿದೆ. ಮರದ ಕಂಬ, ತೊಲೆ, ಮಾಡು ಎಲ್ಲ ಹೋಗಿವೆ. ಆದರೆ ನೆಲಗಟ್ಟು ನೋಡಿದರೆ ಇಡೀ ಮನೆ ಅರ್ಥವಾಗುತ್ತದೆ. ಇದು ಜಗಲಿ, ಇದು ಅಂಗಳ, ಇದು ದೇವರ ಮನೆ, ಇದು ಅಡುಗೆ ಮನೆ. ಹಲವು ಬಾಯಿಯ ಕಲ್ಲಿನ ಒಲೆ ಹಾಗೇ ಕೂತಿದೆ. ಪಕ್ಕದಲ್ಲೇ ಸ್ನಾನದ ಜಾಗ, ಅದರಿಂದ ಹೊರಗೆ ಹೋಗುವ ಕಲ್ಲಿನ ಮೋರಿ.

ಆ ಮೋರಿ ಹತ್ತಿರ ಇರುವಾಗಲೇ ಗುಡುಗು. ಇನ್ನೂ ಹನ್ನೆರಡೂವರೆ ಆಗಿರಲಿಲ್ಲ. ಅತ್ತೆ ಹೇಳಿದ್ದಕ್ಕಿಂತ ಮುಂಚೆಯೇ ಬಂತು. ಎರಡನೇ ಸುತ್ತಿನ ಬಾಗಿಲವರೆಗೆ ಓಡಿ ಬಂದು ಕಾವಲಿನವರ ಕೋಣೆಯೊಳಗೆ ನುಗ್ಗಿದೆವು. ದನ ಹುಡುಕಿಕೊಂಡು ಬಂದಿದ್ದ ಒಬ್ಬರು ಆಗಲೇ ಅಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಸರಿದು ಜಾಗ ಕೊಟ್ಟರು.

ಮಳೆ ಮುಕ್ಕಾಲು ಗಂಟೆ ಹೊಡೆಯಿತು. ಆಗ ನೋಡಿದ್ದನ್ನು ನಾನು ಮರೆಯುವುದಿಲ್ಲ. ಮೇಲಿನಿಂದ ಕೆಂಪು ನೀರು ದಾರಿಯ ಮೇಲೆ ಹರಿದು ಬಂತು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಪೂರ್ತಿ ಎಡಕ್ಕೆ ತಿರುಗಿತು. ಅಲ್ಲಿ ಹಾಸುಗಲ್ಲನ್ನೇ ಒಂದಿಷ್ಟು ಇಳಿಜಾರಾಗಿ ಕೂರಿಸಿದ್ದಾರೆ, ಬಿಸಿಲಲ್ಲಿ ಹತ್ತುವಾಗ ಅದು ಗೊತ್ತೇ ಆಗಿರಲಿಲ್ಲ. ನೀರು ಗೋಡೆಯ ಬುಡದ ಕಿಂಡಿಯೊಳಗೆ ಹೋಗಿ, ಆಚೆ ಬದಿಯ ಇಳಿಜಾರಿಗೆ ಬಿತ್ತು. ನಾವು ಕೂತ ಕಟ್ಟೆಗೆ ಒಂದು ಹನಿ ಬರಲಿಲ್ಲ. ಕಟ್ಟಿದವರು ಹೋಗಿ ಎರಡೂವರೆ ಶತಮಾನ ದಾಟಿದೆ, ಕೆಲಸ ಮಾತ್ರ ನಡೆಯುತ್ತಲೇ ಇದೆ.

"ಒಂದು ಕಿಂಡಿ ಕಟ್ಟಿಕೊಂಡರೆ ಮುಂದಿನ ಮಳೆಗಾಲಕ್ಕೆ ಗೋಡೆ ಉಬ್ಬುತ್ತದೆ. ನೀರು ಒಳಗೆ ನಿಂತರೆ ಯಾವ ಕಲ್ಲೂ ನಿಲ್ಲೂದಿಲ್ಲ ಮಾರಾಯ್ರೆ" ಅಂದರು ಕಂಬಳಿಯವರು. ಬರುವಾಗ ಅಂಥ ಒಂದು ಕಿಂಡಿ ಕಂಡಿತು. ಅದರ ಬಾಯಿಗೆ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ತುರುಕಿಕೊಂಡಿದ್ದವು. ಎಲ್ಲ ಎಳೆದು ತೆಗೆದೆವು. ನನಗೆ ನಿಜವಾಗಿ ಸಿಟ್ಟು ಬಂತು. ಹೈದರನ ಸೈನ್ಯಕ್ಕೆ ಬೀಳದೆ ಉಳಿದ ಗೋಡೆ ಚಿಪ್ಸ್ ಪ್ಯಾಕೆಟ್ಟಿಗೆ ಬೀಳಬೇಕಾ?

ಇಳಿಯುವಾಗ ಕಾಲಿಗೆ ಉಂಬಳ (ಕಾಡಿನ ಜಿಗಣೆ) ಹತ್ತಿದ್ದವು. ಮೊದಲ ಮಳೆಗೇ ಬರುತ್ತವೆ ಅಂದುಕೊಂಡಿರಲಿಲ್ಲ. ಅತ್ತೆ ಕೊಟ್ಟ ಸುಣ್ಣದ ಡಬ್ಬಿ ಕೆಲಸಕ್ಕೆ ಬಂತು.

ಶನಿವಾರ: ನಗರ, ದೇವಗಂಗೆ, ದಾರಿಬದಿಯ ಒಂದು ಮನೆ

ಬೆಳಿಗ್ಗೆ ಬೇಗ ಹೊರಟು ನಗರಕ್ಕೆ ಬಂದೆವು. ಹೊಸನಗರ ತಾಲ್ಲೂಕಿನ ಈ ಸಣ್ಣ ಊರೇ ಹಳೆಯ ಬಿದನೂರು. ಒಂದು ಕಾಲಕ್ಕೆ ಕರಾವಳಿಯ ಬಂದರುಗಳಿಗೆ ಹೋಗುವ ಮೆಣಸು, ಅಕ್ಕಿ ವ್ಯಾಪಾರದ ಹಣವೆಲ್ಲ ಬಂದು ಸೇರುತ್ತಿದ್ದ ರಾಜಧಾನಿ. ಶಿಸ್ತಿನ ಶಿವಪ್ಪ ನಾಯಕ ಆಳಿದ್ದು ಇಲ್ಲಿಂದ. ಹೈದರಾಲಿ ಗೆದ್ದ ಮೇಲೆ ಹೈದರನಗರ ಆಯಿತು, ಆಮೇಲೆ ಬರೀ ನಗರ ಆಯಿತು. 1783ರಲ್ಲಿ ಇಂಗ್ಲಿಷರು ಹಿಡಿದರು, ಅದೇ ವರ್ಷ ಟಿಪ್ಪು ವಾಪಸ್ ಪಡೆದ. ಇಷ್ಟೆಲ್ಲ ಪೆಟ್ಟು ತಿಂದ ಊರು ಈಗ ಒಂದು ಬಸ್ ನಿಲ್ದಾಣ, ನಾಲ್ಕು ಹೋಟೆಲಿನ ಸುತ್ತ ನಡೆಯುತ್ತದೆ.

ಹೋಟೆಲಿನಲ್ಲಿ ಬನ್ಸ್ ಮತ್ತು ಕಷಾಯ ತೆಗೆದುಕೊಂಡೆವು. ಕೋಟೆ ರಸ್ತೆ ಪಕ್ಕದಲ್ಲೇ ಇದೆ, ಹತ್ತುವುದು ಕಷ್ಟವಿಲ್ಲ, ವಯಸ್ಸಾದವರನ್ನೂ ಕರೆದುಕೊಂಡು ಹೋಗಬಹುದು. ಕಂದಕ ಈಗಲೂ ಆಳವಾಗಿದೆ. ಒಳಗೆ ದರ್ಬಾರಿನ ನೆಲಗಟ್ಟು, ಅಕ್ಕ ತಂಗಿ ಕೊಳ ಅಂತ ಕರೆಯುವ ಜೋಡಿ ಕೊಳ. ಮೇಲಿನಿಂದ ನೋಡಿದರೆ ಸುತ್ತ ಹಸಿರು, ದೂರದಲ್ಲಿ ನೀರು. ಹತ್ತು ಗಂಟೆಗೆಲ್ಲ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಕವಲೇದುರ್ಗ ನೋಡಿದ ಮೇಲೆ ಇಲ್ಲಿ ನನ್ನ ಮನಸ್ಸು ಅಷ್ಟು ನಿಲ್ಲಲಿಲ್ಲ. ಹುಲ್ಲು ಕತ್ತರಿಸಿ, ಬೇಲಿ ಹಾಕಿ ಚೊಕ್ಕಟ ಇಟ್ಟಿದ್ದಾರೆ, ಅದು ಬೇಕು. ಆದರೆ ಇಲ್ಲಿ ಜನ ಹೇಗೆ ಬದುಕಿದ್ದರು ಅಂತ ಕಲ್ಲು ಹೇಳುವುದು ಕಡಿಮೆ.

ಅದನ್ನು ಹೇಳಿದ್ದು ದೇವಗಂಗೆ. ನಗರದಿಂದ ಸ್ವಲ್ಪವೇ ದೂರ. ಬರುವವರು ಕೋಟೆ ನೋಡಿ ಮುಂದೆ ಹೋಗಿಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮರಗಳ ನಡುವೆ ಏಳು ಕೊಳಗಳಿವೆ. ಒಂದೊಂದಕ್ಕೂ ಒಂದೊಂದು ಆಕಾರ. ಗುಡ್ಡದ ಒರತೆಯ ನೀರು ಮೊದಲ ಕೊಳಕ್ಕೆ ಬೀಳುತ್ತದೆ, ಅದು ತುಂಬಿ ಕಾಲುವೆಯಲ್ಲಿ ಮುಂದಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ. ಮೇ ತಿಂಗಳಲ್ಲೂ ನಿಂತಿರಲಿಲ್ಲ. ಕಲ್ಲಿನ ಕಾಲುವೆಯಲ್ಲಿ ಕೈಯಿಟ್ಟೆ, ಮೊಣಕೈವರೆಗೆ ತಣ್ಣಗಾಯಿತು. ಕಾಲುವೆಯ ಅಡಿಯ ಕಲ್ಲು ನೀರು ಸವೆಸಿ ನಡುವೆ ಕುಳಿ ಬಿದ್ದಿದೆ. ಅಂಚಿನಲ್ಲಿ ಮಾತ್ರ ಉಳಿಯ ಗೆರೆ ಇನ್ನೂ ಕೈಗೆ ಸಿಗುತ್ತದೆ, ಓರೆಯಾಗಿ, ಒತ್ತೊತ್ತಾಗಿ. ಕೊಳದ ಮೆಟ್ಟಿಲ ಮೇಲೆ ಊರಿನ ಇಬ್ಬರು ಹುಡುಗರು ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದರು.

"ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತೆ?" ಅಂತ ತಮ್ಮ ಕೇಳಿದ.

"ತೋಟಕ್ಕೆ, ಮತ್ತೆಲ್ಲಿಗೆ" ಅಂದ ದೊಡ್ಡವನು. ಇಷ್ಟು ಗೊತ್ತಿಲ್ವಾ ಅನ್ನುವ ಮುಖ.

ಅರಮನೆಯವರಿಲ್ಲ, ಸ್ನಾನಕ್ಕೆ ಬರುವ ರಾಣಿಯರಿಲ್ಲ. ಒರತೆ ಇದೆ, ಕಾಲುವೆ ಇದೆ, ಕೆಳಗೆ ಅಡಿಕೆ ಇದೆ. ಹಾಗಾಗಿ ಇದು ಹಾಳು ಬಿದ್ದಿಲ್ಲ.

ಹೊಸನಗರ ದಾಟಿ ಸಾಗರದ ಕಡೆ ಹೋಗುವಾಗ ಟೈರ್ ಪಂಕ್ಚರ್ ಆಯಿತು. ತಮ್ಮ ಸ್ಟೆಪ್ನಿ ಹಾಕುವಷ್ಟರಲ್ಲಿ ನಾನು ಸುಮ್ನೆ ಎದುರಿನ ಮಣ್ಣು ದಾರಿಯಲ್ಲಿ ನಡೆದೆ. ತೋಟದ ತಲೆಗೆ ಒಂದು ದೊಡ್ಡ ಮನೆ. ಮುಂಬಾಗಿಲಿಗೆ ಬೀಗ. ಜಗಲಿಯ ಕೆತ್ತನೆ ಕಂಬಗಳು ಇನ್ನೂ ಹೊಳೆಯುತ್ತಿದ್ದವು. ಹಿಂದಿನ ಮೂಲೆಯಲ್ಲಿ ಮಾತ್ರ ಮಾಡು ಕುಸಿದು, ಒಳಗಿನಿಂದ ಪಪ್ಪಾಯಿ ಗಿಡ ಎದ್ದಿತ್ತು. ಕೆಳಗೆ ಬಿದ್ದ ಹೆಂಚೊಂದನ್ನು ಒರೆಸಿದೆ, ಬಾಸೆಲ್ ಮಿಷನ್ ಅನ್ನುವ ಅಚ್ಚು ಇತ್ತು. ಅವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಘಟ್ಟ ಹತ್ತಿ ಗಾಡಿಯಲ್ಲಿ ಬಂದ ಹೆಂಚಿರಬೇಕು.

ಪಕ್ಕದ ತೋಟದ ಅಮ್ಮ ಒಬ್ಬರು ಯಾರೋ ಬಂದರು ಅಂತ ನೋಡಲು ಬಂದರು. ವಿಷಯ ಹೇಳಿದ ಮೇಲೆ ಮಜ್ಜಿಗೆ ಕೊಟ್ಟೇ ಕಳಿಸಿದ್ದು.

"ಮಕ್ಕಳೆಲ್ಲ ಬೆಂಗಳೂರಲ್ಲಿ. ಅಜ್ಜಿ ಇರುವವರೆಗೂ ಪ್ರತಿ ವರ್ಷ ಹೆಂಚು ಕೈಯಾಡಿಸ್ತಿದ್ರು. ಅವರು ಹೋದ ಮೇಲೆ ಯಾರೂ ಹತ್ತಲಿಲ್ಲ. ಒಂದು ಹೆಂಚು ಜಾರಿದರೆ ಸಾಕು ತಂಗಿ. ಆ ಕಿಂಡಿಯಲ್ಲಿ ನೀರು ಇಳೀತದೆ, ಹೆಂಚಿನಡಿಯ ಪಕಾಸು ಕೊಳೀತದೆ, ಮೂರು ಮಳೆಗಾಲಕ್ಕೆ ಮಾಡು ನೆಲದ ಮೇಲೆ."

ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹೆಂಚು ಬದಲಿಸಿ, ಜಾರಿದ್ದನ್ನು ಸರಿ ಮಾಡಿ, ಕಸ ಗುಡಿಸುವ ಒಂದು ದಿನದ ಕೆಲಸ. ಇಷ್ಟರ ಮೇಲೆ ಮಲೆನಾಡಿನ ಮನೆಗಳೆಲ್ಲ ನಿಂತಿವೆ. ಈಗ ಆ ಕೆಲಸಕ್ಕೆ ಜನವೂ ಸಿಗುವುದಿಲ್ಲವಂತೆ. ಕೋಟೆ ಬೀಳಲು ಯುದ್ಧ ಬೇಕಾಯಿತು, ಈ ಮನೆ ಬೀಳಲು ಯಾರೂ ಏನೂ ಮಾಡಬೇಕಾಗಿಲ್ಲ. ಅದು ನನಗೆ ಕೋಟೆಗಿಂತ ಜಾಸ್ತಿ ಬೇಜಾರು ತಂದಿತು.

ರಾತ್ರಿ ಸಾಗರದಲ್ಲಿ ಉಳಿದೆವು. ಊಟಕ್ಕೆ ಅಪ್ಪೆಹುಳಿ ಸಿಕ್ಕಿತು, ಮೂರು ಲೋಟ ಕುಡಿದೆ.

ಭಾನುವಾರ: ಮಡೆನೂರು ಡ್ಯಾಂ

ಇದಕ್ಕಾಗಿಯೇ ಬಂದದ್ದು. ಹೆಸರು ಹಿರೇಭಾಸ್ಕರ ಅಣೆಕಟ್ಟು, ಆದರೆ ಸಾಗರದಲ್ಲಿ ಮಡೆನೂರು ಡ್ಯಾಂ ಅಂತ ಕೇಳಿದರೆ ಬೇಗ ಗೊತ್ತಾಗುತ್ತದೆ. ಹೊಳೆಬಾಗಿಲ ಕಡೆಯ ರಸ್ತೆ ಹಿಡಿದು ನಡುವೆ ಒಳದಾರಿಗೆ ತಿರುಗಬೇಕು. 2025ರಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆದ ಮೇಲೆ ಸಿಗಂದೂರಿಗೆ ಹೋಗುವ ವಾಹನ ಬಹಳ, ಭಾನುವಾರವಂತೂ ಕೇಳಬೇಡಿ. ನಾವು ಆರು ಗಂಟೆಗೇ ಹೊರಟಿದ್ದು ಒಳ್ಳೆಯದಾಯಿತು. ಒಳದಾರಿಯಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಮ್ಯಾಪ್ ನಂಬಿ ಹೋಗುವ ಜಾಗ ಇದಲ್ಲ. ಊರವರನ್ನು ಕೇಳಿ, ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಕೆಲವು ವರ್ಷ ಒಳಗೆ ಬಿಡುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ.

ನಮಗೆ ದಾರಿ ತೋರಿಸಿದವರು ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು. ಚಹಾ ಅಂಗಡಿಯಲ್ಲಿ ಸಿಕ್ಕರು. "ನಾನೂ ಆ ಕಡೆಗೇ ಹೊರಟಿದ್ದೆ, ವರ್ಷಕ್ಕೊಮ್ಮೆ ಹೋಗ್ತೇನೆ" ಅಂತ ಕಾರು ಹತ್ತಿದರು.

ರಸ್ತೆ ಮುಗಿದ ಮೇಲೆ ಹಿನ್ನೀರಿನ ನೆಲ. ಮಣ್ಣು ಬಿರುಕು ಬಿಟ್ಟು ಹಪ್ಪಳದ ಹಾಗೆ ಅಂಚೆದ್ದಿತ್ತು. ಎಲ್ಲ ಕಡೆ ಕಪ್ಪು ಮರದ ಬುಡಗಳು. ಅರವತ್ತು ವರ್ಷದ ಹಿಂದೆ ಮುಳುಗಿದ ಕಾಡು, ನೀರೊಳಗೆ ಕೊಳೆಯದೆ ನಿಂತಿದೆ. ಮೇಲೆ ಒಣಗಿದ ಹಾಗೆ ಕಂಡರೂ ತಗ್ಗಿನಲ್ಲಿ ಕೆಸರು ಹಸಿ ಇರುತ್ತದೆ. ತಮ್ಮನ ಕಾಲು ಮೊಣಕಾಲವರೆಗೆ ಇಳಿಯಿತು, ಹಿರಿಯರು ದೊಣ್ಣೆ ಕೊಟ್ಟು ಎಳೆದರು. ಬೂಟು ಮಾತ್ರ ಕೆಸರಲ್ಲೇ ಉಳಿಯಿತು, ಕೈ ಹಾಕಿ ತೆಗೆಯಲು ಹತ್ತು ನಿಮಿಷ.

ಆಮೇಲೆ ಒಂದು ಏರು ಹತ್ತಿದ ಕೂಡಲೇ ಅದು ಕಂಡಿತು. ಉದ್ದಕ್ಕೆ ಕಲ್ಲಿನ ಗೋಡೆ, ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ. ಎರಡು ಕಡೆಯೂ ಖಾಲಿ. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟಿನ ನೀರೊಳಗೆ ಮುಳುಗಿದೆ ಅಂತ ಓದಿ ತಿಳಿದಿದ್ದೆ. ಎದುರಿಗೆ ನಿಂತಾಗ ಬಾಯಿಂದ ಮಾತು ಹೊರಡಲಿಲ್ಲ.

ಮೈಸೂರು ಸರ್ಕಾರ ಜೋಗದ ವಿದ್ಯುತ್ ಯೋಜನೆಗೆ ಕೈ ಹಾಕಿದ್ದು 1939ರಲ್ಲಿ. ಬೇಸಿಗೆಯಲ್ಲಿ ಶರಾವತಿ ಬತ್ತುತ್ತಿತ್ತು, ವರ್ಷವಿಡೀ ಯಂತ್ರ ತಿರುಗಬೇಕೆಂದರೆ ಮೇಲೆ ಎಲ್ಲಾದರೂ ನೀರು ಹಿಡಿದಿಡಬೇಕಿತ್ತು. ಅದಕ್ಕೆ ಈ ಕಟ್ಟೆ. ಯುದ್ಧದ ವರ್ಷಗಳ ಕಷ್ಟದ ನಡುವೆ ಕೆಲಸ ನಡೆಯಿತು. 1948ರ ಫೆಬ್ರವರಿಯಲ್ಲಿ ಜೋಗದ ವಿದ್ಯುತ್ ಬಂತು. ಆ ಕೇಂದ್ರಕ್ಕೆ ಈಗ ಮಹಾತ್ಮ ಗಾಂಧಿ ಹೆಸರು. 1964ರಲ್ಲಿ ಲಿಂಗನಮಕ್ಕಿ ಬಂತು, ಸುಮಾರು 151 ಟಿಎಂಸಿ ಹಿಡಿಯುವ ಜಲಾಶಯ. ಹಳೆಯ ಕಟ್ಟೆ ಅದರೊಳಗೆ ಹೋಯಿತು. ಕೆಲಸ ಮಾಡಿದ್ದು ಹದಿನಾರು ವರ್ಷ, ನೀರಡಿಯಲ್ಲಿ ಇರುವುದು ಅದರ ನಾಲ್ಕು ಪಾಲಿನ ಹತ್ತಿರ.

ಇಲ್ಲಿ ನೋಡಲೇಬೇಕಾದದ್ದು ಸೈಫನ್‌ಗಳು. ಕಟ್ಟೆಯಲ್ಲಿ ಎತ್ತುವ ಇಳಿಸುವ ಗೇಟಿನ ಬದಲು ದುಂಡಗಿನ ದೊಡ್ಡ ತೂಬುಗಳು ಸಾಲಾಗಿವೆ. ಗಣೇಶ್ ಅಯ್ಯರ್ ಎಂಬ ಮೈಸೂರಿನ ಇಂಜಿನಿಯರ್ ರೂಪಿಸಿದ ವಿಧಾನ ಇದು. ತೂಬಿನ ಬಾಯಿ ಆಲಿಕೆಯ ಆಕಾರ. ಅದರ ಮೇಲೊಂದು ಮುಚ್ಚಳ. ನೀರು ತುಂಬಿ ಒಂದು ಮಟ್ಟ ದಾಟಿದ ಕೂಡಲೇ ಆಲಿಕೆಯ ಸುತ್ತ ಸುಳಿಯಾಗಿ ತಿರುಗಿಕೊಂಡು ಇಳಿಯುತ್ತದೆ. ಆ ಸುಳಿ ಒಳಗಿನ ಗಾಳಿಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಮೇಲೆ ಕೊಳವೆ ತುಂಬ ನೀರು ತನ್ನಿಂತಾನೇ ಧುಮುಕುತ್ತದೆ. ಮಟ್ಟ ಇಳಿದಾಗ ಗಾಳಿ ಒಳಗೆ ನುಗ್ಗಿ ಹರಿವು ನಿಲ್ಲುತ್ತದೆ. ಕರೆಂಟು ಬೇಡ, ಗೇಟು ತಿರುಗಿಸಲು ಆಳು ಬೇಡ. ನಡುರಾತ್ರಿ ಪ್ರವಾಹ ಬಂದರೂ ಕಟ್ಟೆ ತಾನೇ ನೋಡಿಕೊಳ್ಳುತ್ತದೆ. ಕವಲೇದುರ್ಗದ ಬಾಗಿಲಲ್ಲಿ ಹಾಸುಗಲ್ಲು ಓರೆ ಕೂರಿಸಿದವರ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ ಅನ್ನಿಸಿತು. ನೀರನ್ನು ಅದರ ಪಾಡಿಗೆ ಬಿಟ್ಟು, ಅದರಿಂದಲೇ ಕೆಲಸ ಮಾಡಿಸಿಕೊಳ್ಳುವ ಬುದ್ಧಿ.

ಗೋಡೆಯ ಕಲ್ಲಿಗೆ ಕೈ ಸವರಿದೆ. ಸಂದಿನ ಗಾರೆ ಗಟ್ಟಿಯಾಗಿತ್ತು, ಉಗುರಿಗೆ ಏಳಲಿಲ್ಲ. ತೂಬಿನ ಹತ್ತಿರ ಮಾತ್ರ ಬಗ್ಗಿ ನೋಡಲು ಹೋಗಬೇಡಿ. ಆಳ ಇದೆ, ಅಂಚು ಪಾಚಿಗಟ್ಟಿ ಜಾರುತ್ತದೆ, ತಡೆ ಏನೂ ಇಲ್ಲ. ಮಕ್ಕಳನ್ನು ಕರೆತಂದರೆ ಕೈ ಬಿಡಲೇಬಾರದು.

ಹಿರಿಯರು ಇದ್ಯಾವುದನ್ನೂ ನೋಡಲಿಲ್ಲ. ಕಟ್ಟೆಯಿಂದ ಸ್ವಲ್ಪ ದೂರ ಹೋಗಿ, ಕಲ್ಲು ಕೆದರಿದ ಒಂದು ದಿಬ್ಬದ ಮೇಲೆ ನಿಂತಿದ್ದರು. ಹತ್ತಿರ ಹೋದೆವು.

"ಇಲ್ಲಿ ನಮ್ಮ ಅಂಗಳ. ಅಗೋ ಅದು ಬಾವಿಕಟ್ಟೆ. ಮುಳುಗಡೆ ಆದಾಗ ನನಗೆ ಏಳೋ ಎಂಟೋ. ಲಾರಿಯಲ್ಲಿ ಹಾಕ್ಕೊಂಡು ಹೋದ್ರು. ಅಪ್ಪ ಬಾಗಿಲು, ಕಂಬ ಬಿಚ್ಚಿ ತಂದ. ದನ ನಾಲ್ಕು ಬಿಟ್ಟು ಬಂದ್ವಿ."

"ಅಲ್ಲಿ ಜಾಗ ಕೊಟ್ರಾ?" ಅಂತ ಕೇಳಿದೆ.

"ಕಾಡು ತೋರಿಸಿದ್ರು. ಕಡಿದು ಗದ್ದೆ ಮಾಡ್ಕೊಂಡ್ವಿ. ಪತ್ರ ಇನ್ನೂ ಕೈಗೆ ಬಂದಿಲ್ಲ ತಂಗಿ. ನನ್ನ ಮಗ ಈಗ ಆಫೀಸಿಗೆ ಅಲೀತಾನೆ, ಮೊದಲು ಅಪ್ಪ ಅಲೆದಿದ್ದ, ಆಮೇಲೆ ನಾನು."

ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳ ಕಥೆ ಇದೇ. ಅರಣ್ಯ ಭೂಮಿ, ಕಂದಾಯ ಭೂಮಿ ಅನ್ನುವ ಗೊಂದಲದಲ್ಲಿ ಹಕ್ಕುಪತ್ರ ಸಿಕ್ಕಿಹಾಕಿಕೊಂಡಿದೆ. ನಮ್ಮ ಮನೆಯ ಬಲ್ಬು ಬೆಳಗಿದ್ದು ಇವರ ಅಂಗಳ ಮುಳುಗಿದ್ದಕ್ಕೆ. ಮಡೆನೂರಿಗೆ ಬರುವವರು ಕಟ್ಟೆಯನ್ನು ನೋಡಿ ಬೆರಗಾಗಬೇಕು, ನಾನೂ ಆದೆ. ಆದರೆ ಅಲ್ಲಿ ಕಾಲಿಗೆ ಸಿಗುವ ಪ್ರತಿ ಕಲ್ಲಿನ ರಾಶಿಯೂ ಯಾರದೋ ಮನೆ ಅನ್ನುವುದು ಗೊತ್ತಿರಬೇಕು. ಒಡೆದ ಮಡಕೆ, ಹೆಂಚಿನ ತುಂಡು ಕಂಡರೆ ನೆನಪಿಗೆ ಅಂತ ಎತ್ತಿಕೊಂಡು ಬರಬೇಡಿ.

ಹನ್ನೊಂದಕ್ಕೆ ಮೋಡ ಕಟ್ಟಿತು. ಮಳೆ ಬಿದ್ದರೆ ಈ ಜೇಡಿಯಲ್ಲಿ ನಡೆಯಲಿಕ್ಕಾಗುವುದಿಲ್ಲ ಅಂತ ಹಿರಿಯರೇ ಅವಸರ ಮಾಡಿ ಹೊರಡಿಸಿದರು. ಅವರ ಮನೆಯಲ್ಲಿ ಗಂಜಿ, ಸುಟ್ಟ ಹಲಸಿನ ಹಪ್ಪಳ, ಮಾವಿನಕಾಯಿ ಚಟ್ನಿ. ಆ ಮನೆಯ ಮುಂಬಾಗಿಲು ಅವರಪ್ಪ ಬಿಚ್ಚಿ ತಂದದ್ದೇ. ಹೊಸ ಗೋಡೆಗೆ ಎತ್ತರ ಹೊಂದದೆ ಮೇಲೊಂದು ಹಲಗೆ ಸೇರಿಸಿದ್ದಾರೆ, ಬಗ್ಗಿ ಒಳಗೆ ಹೋಗಬೇಕು.

ಸೋಮವಾರ: ಇಕ್ಕೇರಿ

ಹೊರಡುವ ದಿನ ಇಕ್ಕೇರಿಗೆ ಹೋಗಿ ಬಂದೆವು, ಸಾಗರದಿಂದ ಹತ್ತು ನಿಮಿಷದ ದಾರಿ. ಕೆಳದಿಯವರು ಬಿದನೂರಿಗೆ ಹೋಗುವ ಮುಂಚಿನ ರಾಜಧಾನಿ ಇದು. ಅರಮನೆ, ಕೋಟೆ ಏನೂ ಉಳಿದಿಲ್ಲ. ಅಘೋರೇಶ್ವರ ದೇವಸ್ಥಾನ ಮಾತ್ರ ಇಡೀ ಊರಿಗೆ ಊರೇ ತನ್ನದು ಅನ್ನುವಂತೆ ನಿಂತಿದೆ, ಪೂಜೆಯೂ ನಡೆಯುತ್ತಿದೆ. ನೆಲದ ಮೇಲೆ ಕೈಮುಗಿದ ನಾಯಕರ ಚಿತ್ರಗಳನ್ನು ಕೆತ್ತಿದ್ದಾರೆ, ನಡೆಯುವಾಗ ನೋಡಿಕೊಂಡು ಹೆಜ್ಜೆಯಿಡಿ.

ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ. ಹಪ್ಪಳ ಎಲ್ಲ ಒಣಗಿ ಡಬ್ಬಿ ಸೇರಿದವಂತೆ. ಮಾವನಿಗೆ ಕವಲೇದುರ್ಗದ ಬಾಗಿಲಲ್ಲಿ ನೀರು ಎಡಕ್ಕೆ ತಿರುಗಿದ್ದನ್ನು ಹೇಳಿದೆ. "ಬಲಗಡೆ ಬಾಗಿಲಿನ ಕಿಂಡಿ ನೋಡಿದ್ರಾ?" ಅಂದರು. ನೋಡಿರಲಿಲ್ಲ. ಮುಂದಿನ ಸಲ ಅವರನ್ನೂ ಹತ್ತಿಸಿಕೊಂಡು ಹೋಗುವುದು ಅಂತ ಆಗಿದೆ. ಮಡೆನೂರಿಗೆ ಹೋಗುವ ಮನಸ್ಸಿದ್ದವರು ಏಪ್ರಿಲ್ ಕೊನೆಯಿಂದ ಪತ್ರಿಕೆಯಲ್ಲಿ ಲಿಂಗನಮಕ್ಕಿ ನೀರಿನ ಮಟ್ಟ ನೋಡುತ್ತಿರಿ. ಗರಿಷ್ಠ 1819 ಅಡಿ, ಅದರಿಂದ ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ಕಟ್ಟೆ ಕಾಣುತ್ತದೆ.